ವಿದ್ಯಾರ್ಥಿಯ ಕೈಯಲ್ಲಿ ರಾಜಕೀಯ ವಿಡಂಬನೆ: ‘ಅನಿಮಲ್ ಫಾರ್ಮ್’ ಕೃತಿಯ ಒಂದು ಓದಿನ ಚರಿತ್ರೆ

ಪ್ರಾಣಿಗಳ ಬಾಯಿಂದ ರಾಜನೀತಿಯನ್ನು ನುಡಿಸುವ ಪದ್ಧತಿ ಕನ್ನಡ ಓದುಗರಿಗೆ ಹೊಸದಲ್ಲ. ಕ್ರಿ.ಶ. 1031ರ ಸುಮಾರಿಗೆ, ಚಾಳುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ ಚಂಪೂರೂಪದಲ್ಲಿ ಪಂಚತಂತ್ರವನ್ನು ರಚಿಸಿದನು. ಸಿಂಹ ಮತ್ತು ಎತ್ತಿನ ಸ್ನೇಹವನ್ನು ನರಿಯ ಚಾಡಿಮಾತು ಮುರಿಯುವ ಆ ಕಥೆಯಲ್ಲಿ ಪಾಠ ಕಲಿಯಬೇಕಾದವನು ರಾಜಕುಮಾರ. ಆಳುವವನು ಯಾರ ಮಾತನ್ನು ನಂಬಬೇಕು, ಯಾರನ್ನು ದೂರವಿಡಬೇಕು ಎಂಬುದು ಅಲ್ಲಿಯ ಚಿಂತೆ. ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಇದೇ ಹಳೆಯ ಸಾಧನವನ್ನು ಕೈಗೆತ್ತಿಕೊಂಡು ಅದರ ಮುಖವನ್ನು ತಿರುಗಿಸಿತು. ಇಲ್ಲಿ ಪಾಠವು ಆಳಿಸಿಕೊಳ್ಳುವವರಿಗೆ. ಈ ವ್ಯತ್ಯಾಸವನ್ನು ಮನಗಾಣದೆ ಕೃತಿಯನ್ನು ಓದಿದ ವಿದ್ಯಾರ್ಥಿಗೆ ಅದರ ಅರ್ಧಭಾಗ ಮಾತ್ರ ದಕ್ಕುತ್ತದೆ.

ಕೃತಿಯ ರಚನೆ 1943ರ ನವೆಂಬರಿನಿಂದ 1944ರ ಫೆಬ್ರವರಿಯವರೆಗೆ ನಡೆಯಿತು. ಸೋವಿಯತ್ ಒಕ್ಕೂಟವು ಆಗ ಬ್ರಿಟನ್ನಿನ ಯುದ್ಧಮಿತ್ರ. ವಿಕ್ಟರ್ ಗೊಲಾಂಜ್ ಹಸ್ತಪ್ರತಿಯನ್ನು ನಿರಾಕರಿಸಿದನು. ಜೊನಾಥನ್ ಕೇಪ್ ಮೊದಲು ಒಪ್ಪುವ ಮನಸ್ಸು ತೋರಿ, ವಾರ್ತಾ ಸಚಿವಾಲಯದ ಅಧಿಕಾರಿಯೊಬ್ಬನ ಸಲಹೆಯ ಮೇರೆಗೆ ಹಿಂದೆ ಸರಿದನು. ಆಳುವ ವರ್ಗವನ್ನು ಹಂದಿಗಳಾಗಿ ಚಿತ್ರಿಸಿದ್ದು ರಷ್ಯನ್ನರ ಮನಸ್ಸನ್ನು ನೋಯಿಸೀತೆಂಬ ಅಳುಕು ಅವನ ಪತ್ರದಲ್ಲಿತ್ತು. ಫೇಬರ್ ಸಂಸ್ಥೆಯ ಪರವಾಗಿ 1944ರ ಜುಲೈಯಲ್ಲಿ ಬರೆದ ಟಿ. ಎಸ್. ಎಲಿಯಟ್‌ನ ಆಕ್ಷೇಪ ಇನ್ನೂ ಕುತೂಹಲಕರ. ಹಂದಿಗಳು ಉಳಿದ ಪ್ರಾಣಿಗಳಿಗಿಂತ ಬುದ್ಧಿವಂತವಾದ್ದರಿಂದ ಆಳಲು ಅವೇ ಅರ್ಹ, ಆ ತೋಟಕ್ಕೆ ಬೇಕಾಗಿದ್ದುದು ಹೆಚ್ಚು ಲೋಕಹಿತದೃಷ್ಟಿಯುಳ್ಳ ಹಂದಿಗಳು ಎಂಬುದು ಅವನ ವಾದ. ದುರ್ಗಸಿಂಹನ ರಾಜಕುಮಾರನಿಗೆ ಈ ಮಾತು ಒಪ್ಪುತ್ತಿತ್ತೇನೋ. ಆರ್ವೆಲ್ ಬರೆದದ್ದು ಇದೇ ನಂಬಿಕೆಯನ್ನು ಪ್ರಶ್ನಿಸುವುದಕ್ಕಾಗಿ. ಕೊನೆಗೆ 1945ರ ಆಗಸ್ಟ್ 17ರಂದು ಸೆಕರ್ ಅಂಡ್ ವಾರ್ಬರ್ಗ್ ಸಂಸ್ಥೆ ಕೃತಿಯನ್ನು ಪ್ರಕಟಿಸಿತು.

ನಂತರದ ದಶಕಗಳಲ್ಲಿ ಕೃತಿ ಪಠ್ಯವಾಯಿತು. ಅದರೊಂದಿಗೆ ಒಂದು ಕೋಷ್ಟಕವೂ ಸಿದ್ಧವಾಯಿತು: ನೆಪೋಲಿಯನ್ ಎಂದರೆ ಸ್ಟಾಲಿನ್, ಸ್ನೋಬಾಲ್ ಎಂದರೆ ಟ್ರಾಟ್‌ಸ್ಕಿ, ನಾಯಿಗಳೆಂದರೆ ಗುಪ್ತ ಪೊಲೀಸರು. ಕೋಷ್ಟಕವು ತಪ್ಪಲ್ಲ, ಅನ್ಯೋಕ್ತಿಯಲ್ಲಿ ಪ್ರಸ್ತುತಾರ್ಥವನ್ನು ಗುರುತಿಸುವುದು ಓದಿನ ಮೊದಲ ಮೆಟ್ಟಿಲು. ಆದರೆ ಪರೀಕ್ಷೆಗೆ ಅಷ್ಟು ಸಾಕಾಗುವುದರಿಂದ ಬಹುಪಾಲು ಓದು ಅಲ್ಲಿಯೇ ನಿಂತುಬಿಡುತ್ತದೆ. ಕೃತಿಯು ದೂರದ ದೇಶವೊಂದರ ಮುಗಿದುಹೋದ ವ್ಯವಹಾರವಾಗಿ, ಓದುಗನಿಗೆ ಸಂಬಂಧಪಡದ ಕಥೆಯಾಗಿ ಉಳಿಯುತ್ತದೆ.

ಇದಕ್ಕಿಂತ ಭಿನ್ನವಾದ ಓದೊಂದು ಕೃತಿ ಪ್ರಕಟವಾದ ಮರುವರ್ಷವೇ ನಡೆದಿತ್ತು. 1922ರಲ್ಲಿ ಪೋಲೆಂಡಿನ ಉಕ್ರೇನಿಯನ್ ಕುಟುಂಬದಲ್ಲಿ ಹುಟ್ಟಿದ ಈಹೊರ್ ಷೆವ್‌ಚೆಂಕೊ ಯುದ್ಧಾನಂತರ ಜರ್ಮನಿಯಲ್ಲಿದ್ದ ತರುಣ ವಿದ್ವಾಂಸ. ಮುಂದೆ ಬೈಜಾಂಟೈನ್ ಅಧ್ಯಯನದಲ್ಲಿ ಹೆಸರಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದವನು. ಅವನು ‘ಅನಿಮಲ್ ಫಾರ್ಮ್’ ಓದಿ, ಅದರ ಭಾಗಗಳನ್ನು ನಿರಾಶ್ರಿತ ಉಕ್ರೇನಿಯನ್ನರ ಮುಂದೆ ಸ್ಥಳದಲ್ಲಿಯೇ ಬಾಯಿಮಾತಿನಲ್ಲಿ ಅನುವಾದಿಸುತ್ತ ಹೋದನು. ಕೇಳುಗರು ಸೋವಿಯತ್ ಆಡಳಿತದಲ್ಲಿ ಬದುಕಿ ಬಂದವರು. ಅವರಿಗೆ ಕೋಷ್ಟಕದ ಅಗತ್ಯವೇ ಇರಲಿಲ್ಲ. 1946ರ ಏಪ್ರಿಲ್‌ನಲ್ಲಿ ಆರ್ವೆಲ್‌ಗೆ ಬರೆದ ಪತ್ರದಲ್ಲಿ ಅವನು ಒಂದು ಸೂಕ್ಷ್ಮವನ್ನು ದಾಖಲಿಸಿದ್ದಾನೆ. ಕಥೆಗೂ ತಾವು ಕಂಡ ವಾಸ್ತವಕ್ಕೂ ಇರುವ ಹೊಂದಿಕೆಗಳನ್ನು ಹುಡುಕುವುದರಲ್ಲಿ ಆ ಜನ ಮಗ್ನರಾಗಿದ್ದರೂ, ಅವರನ್ನು ಆಳವಾಗಿ ತಟ್ಟಿದ್ದು ಗುಡ್ಡದ ಮೇಲೆ ಪ್ರಾಣಿಗಳು ಹಾಡುವಂಥ ಸನ್ನಿವೇಶಗಳು. ಸಂಹಾರ ನಡೆದ ದಿನ ಬದುಕುಳಿದ ಪ್ರಾಣಿಗಳು ಒತ್ತಾಗಿ ಕುಳಿತು, ಮಾತು ಒದಗದೆ, ಹಳೆಯ ಕ್ರಾಂತಿಗೀತೆಯನ್ನು ಶೋಕದಿಂದ ಹಾಡುತ್ತವೆ; ಆ ಹಾಡೂ ನಿಷಿದ್ಧವೆಂಬ ಆಜ್ಞೆ ಕೂಡಲೇ ಬರುತ್ತದೆ. ಇಲ್ಲಿ ಯಾವ ಪ್ರಾಣಿ ಯಾವ ವ್ಯಕ್ತಿ ಎಂಬ ಪ್ರಶ್ನೆ ಏಳುವುದಿಲ್ಲ. ನಂಬಿಕೆ ಕಳೆದುಕೊಂಡವರ ದುಃಖ ಮಾತ್ರ ಉಳಿಯುತ್ತದೆ.

ಷೆವ್‌ಚೆಂಕೊನ ಅನುವಾದ 1947ರಲ್ಲಿ ಮ್ಯೂನಿಕ್‌ನಲ್ಲಿ ಪ್ರಕಟವಾಯಿತು. ‘ಫಾರ್ಮ್’ ಎಂಬ ಪದಕ್ಕೆ ಅವನು ಸಾಮೂಹಿಕ ಕೃಷಿಕ್ಷೇತ್ರವನ್ನು ಸೂಚಿಸುವ ‘ಕೊಲ್‌ಹೋಸ್ಪ್’ ಎಂಬ ಪದವನ್ನು ಆರಿಸಿಕೊಂಡನು. ಒಂದೇ ಪದದಿಂದ ಕಥೆಯು ಓದುಗರ ಮನೆಯಂಗಳಕ್ಕೆ ಬಂದು ನಿಂತಿತು. ಆರ್ವೆಲ್ ಸಂಭಾವನೆಯನ್ನು ಬಯಸದೆ, ಈ ಆವೃತ್ತಿಗೆಂದೇ ಮುನ್ನುಡಿ ಬರೆದುಕೊಟ್ಟನು. ಇಕ್ಕಟ್ಟಾದ ದಾರಿಯಲ್ಲಿ ಹತ್ತು ವರ್ಷದ ಬಾಲಕನೊಬ್ಬ ದೈತ್ಯ ಗಾತ್ರದ ಕುದುರೆಯನ್ನು ಚಾಟಿಯಿಂದ ಹೊಡೆದು ನಡೆಸುತ್ತಿದ್ದ ದೃಶ್ಯವೇ ಕಥೆಗೆ ಬೀಜವಾಯಿತೆಂದು ಅವನು ತಿಳಿಸಿದ್ದು ಇಲ್ಲಿಯೇ. ಆ ಮುನ್ನುಡಿಯ ಇಂಗ್ಲಿಷ್ ಮೂಲ ಕಳೆದುಹೋಗಿದ್ದು, ಇಂದು ದೊರೆಯುವುದು ಉಕ್ರೇನಿಯನ್ನಿನಿಂದ ಮರಳಿ ಅನುವಾದಗೊಂಡ ಪಾಠ. ಪುಸ್ತಕದ ಗತಿಯೂ ವಿಡಂಬನೆಯಂತೆಯೇ ಇದೆ: ಆರ್ವೆಲ್‌ನ ಪತ್ರವೊಂದರ ಪ್ರಕಾರ ಅಮೆರಿಕನ್ ಅಧಿಕಾರಿಗಳು ಸುಮಾರು 1500 ಪ್ರತಿಗಳನ್ನು ವಶಪಡಿಸಿಕೊಂಡು ಸೋವಿಯತ್ ಅಧಿಕಾರಿಗಳಿಗೆ ಒಪ್ಪಿಸಿದರು; ಸುಮಾರು 2000 ಪ್ರತಿಗಳು ಅಷ್ಟರೊಳಗೆ ಹಂಚಿಹೋಗಿದ್ದವು.

ಹಾಗಾದರೆ ಇಂಥ ಅನುಭವದ ಹಿನ್ನೆಲೆಯಿಲ್ಲದ ಇಂದಿನ ವಿದ್ಯಾರ್ಥಿ ಕೃತಿಯನ್ನು ಎಲ್ಲಿಂದ ಹಿಡಿಯಬೇಕು? ದಾರಿಯನ್ನು ಆರ್ವೆಲ್‌ನೇ ತೋರಿದ್ದಾನೆ. 1946ರ ಡಿಸೆಂಬರಿನಲ್ಲಿ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ, ಹಂದಿಗಳು ಹಾಲನ್ನೂ ಸೇಬನ್ನೂ ತಮಗಾಗಿ ಇಟ್ಟುಕೊಂಡ ಗಳಿಗೆಯೇ ಕಥೆಯ ತಿರುವು ಎಂದು ಅವನು ಸೂಚಿಸಿದ್ದಾನೆ. ಈ ಪ್ರಸಂಗ ಬರುವುದು ಕೃತಿಯ ಆರಂಭದಲ್ಲಿ. ನಾಯಿಗಳು ಬಲಿತಿಲ್ಲ, ಸ್ನೋಬಾಲ್ ಗಡೀಪಾರಾಗಿಲ್ಲ. ಗಮನಿಸಬೇಕಾದುದೆಂದರೆ, ಹಾಲು ಮತ್ತು ಸೇಬಿನ ವಿಷಯದಲ್ಲಿ ನೆಪೋಲಿಯನ್‌ಗೂ ಸ್ನೋಬಾಲ್‌ಗೂ ಭಿನ್ನಾಭಿಪ್ರಾಯವಿಲ್ಲ. ಸ್ಟಾಲಿನ್ ಕೆಟ್ಟವನು, ಟ್ರಾಟ್‌ಸ್ಕಿ ಒಳ್ಳೆಯವನು ಎಂಬ ಸರಳ ಕೋಷ್ಟಕವು ಇಲ್ಲಿ ಕುಸಿಯುತ್ತದೆ. ಹಳೆಯ ಯಜಮಾನ ಮರಳಿ ಬಂದಾನೆಂಬ ಒಂದೇ ಬೆದರಿಕೆಗೆ ಉಳಿದ ಪ್ರಾಣಿಗಳು ಸುಮ್ಮನಾಗುತ್ತವೆ. ಕೇಳಬಹುದಾಗಿದ್ದ ಪ್ರಶ್ನೆಯನ್ನು, ಕೇಳಲು ಇನ್ನೂ ಅವಕಾಶವಿದ್ದಾಗಲೇ, ಅವು ಕೇಳುವುದಿಲ್ಲ.

ತರಗತಿಯಲ್ಲಿ ಈ ಪ್ರಸಂಗಕ್ಕೆ ಸಿಗುವ ಸಮಯ ಕಡಿಮೆ. ಕೊನೆಯ ಅಧ್ಯಾಯದ ಬದಲಾದ ಶಾಸನವೇ ಹೆಚ್ಚು ಚರ್ಚೆಗೆ ಒಳಗಾಗುತ್ತದೆ. ಆದರೆ ಗೋಡೆಯ ಮೇಲಿನ ಆ ಶಾಸನವನ್ನು ಓದುವ ಹೊತ್ತಿಗೆ ಪ್ರಾಣಿಗಳಿಗೆ ಮಾಡಲು ಏನೂ ಉಳಿದಿರುವುದಿಲ್ಲ. ವಿದ್ಯಾರ್ಥಿಯು ಎರಡನೆಯ ಅಧ್ಯಾಯದ ಕೊನೆಗೆ ಮರಳಿ, ಕರೆದಿಟ್ಟ ಹಾಲು ಎಲ್ಲಿ ಹೋಯಿತೆಂದು ವಿಚಾರಿಸುವುದು ಒಳ್ಳೆಯದು.