ಮನೆಯ ನಿಸ್ತಂತು ಜಾಲ: ಕರ್ನಾಟಕದಲ್ಲಿ ಬೆಳೆದ ಬಗೆ

ಮನೆಗೆ ಬಂದ ಒಂದೇ ಇಂಟರ್‌ನೆಟ್ ಸಂಪರ್ಕವನ್ನು ರೇಡಿಯೊ ತರಂಗಗಳ ಮೂಲಕ ಹಲವು ಕಂಪ್ಯೂಟರು, ಫೋನುಗಳಿಗೆ ಹಂಚುವ ಏರ್ಪಾಟು. ಬಳಕೆಯ ಹೆಸರು ವೈ-ಫೈ. ತಂತಿ ಮಾಯವಾದದ್ದನ್ನೇ ಇದರ ದೊಡ್ಡ ಸಾಧನೆ ಎನ್ನುವುದುಂಟು. ನಮ್ಮ ಮನೆಗಳ ಮಟ್ಟಿಗೆ ಅದಕ್ಕಿಂತ ದೊಡ್ಡ ತಿರುವು, ಸಂಪರ್ಕ ಪಡೆಯುವ ಕೆಲಸ ಕಂಪ್ಯೂಟರಿನ ಕೈತಪ್ಪಿ ಮೋಡೆಮ್‌ಗೆ ಹೋದದ್ದು.

ವಿ.ಎಸ್.ಎನ್.ಎಲ್. ಸಂಸ್ಥೆ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಟೆಲಿಫೋನ್ ಲೈನಿನಲ್ಲಿ ಡಯಲ್ ಮಾಡಿ ಒಳಹೊಕ್ಕ ಕಂಪ್ಯೂಟರಿಗಷ್ಟೇ ಸಂಪರ್ಕ. ಅದು ಮುಗಿಯುವವರೆಗೆ ಮನೆಗೆ ಫೋನೂ ಬರುತ್ತಿರಲಿಲ್ಲ. ಹಂಚಿಕೊಳ್ಳಲು ದಾರಿ ಇರಲಿಲ್ಲವೆಂದಲ್ಲ. ಜಾಲದೊಳಗಿನ ಖಾಸಗಿ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸಿ ತೋರಿಸುವ ವಿಧಾನ 1994ರಲ್ಲೇ ಪ್ರಕಟವಾಗಿತ್ತು. ಇಂದು ಮನೆಮನೆಯಲ್ಲೂ ಕಾಣುವ 192.168ರಿಂದ ಶುರುವಾಗುವ ವಿಳಾಸಗಳನ್ನು 1996ರ ಹೊತ್ತಿಗೆ ಖಾಸಗಿ ಬಳಕೆಗೆಂದು ಮೀಸಲಿಟ್ಟಾಗಿತ್ತು. 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲಿ ಒಂದು ಕಂಪ್ಯೂಟರಿನ ಸಂಪರ್ಕವನ್ನು ಉಳಿದವಕ್ಕೆ ಕೊಡುವ ಸೌಲಭ್ಯವೂ ಬಂತು. ಇಂಥ ಉಪಾಯಗಳು ಸೈಬರ್ ಕೆಫೆಗಳಿಗೆ ಒದಗಿದಷ್ಟು ಮನೆಗಳಿಗೆ ಒದಗಲಿಲ್ಲ. ಎರಡು ಕಂಪ್ಯೂಟರಿದ್ದ ಮನೆಗಳೇ ಆಗ ಎಷ್ಟಿದ್ದವು!

ನಿಸ್ತಂತು ಜಾಲದ 802.11 ಮಾನದಂಡ 1997ರಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ವೇಗದೊಂದಿಗೆ ಬಂತು. 1999ರ ಬಿ ರೂಪದಲ್ಲಿ ವೇಗ 11ಕ್ಕೇರಿತು. ಭಾರತದಲ್ಲಿ ಅಡ್ಡಿಯಾಗಿದ್ದದ್ದು ಕಾನೂನು. 1933ರ ನಿಸ್ತಂತು ಕಾಯ್ದೆಯ ಪ್ರಕಾರ ರೇಡಿಯೊ ಉಪಕರಣ ಇಟ್ಟುಕೊಳ್ಳಲು ಪರವಾನಗಿ ಬೇಕಿತ್ತು. 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪೂರ್ಣ ವಿನಾಯಿತಿ ಸಿಕ್ಕಿದ್ದು 2005ರ ಜನವರಿಯಲ್ಲಿ. ಬಿ.ಎಸ್.ಎನ್.ಎಲ್. ತನ್ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುಮಾಡಿದ್ದೂ ಅದೇ ತಿಂಗಳು.

ಡೇಟಾಒನ್ ಮೋಡೆಮ್‌ಗಳಲ್ಲಿ ಎರಡು ಬಗೆಯ ಜೋಡಣೆ ಸಾಧ್ಯವಿತ್ತು. ಬ್ರಿಡ್ಜ್ ಕ್ರಮದಲ್ಲಿ ಮೋಡೆಮ್ ಬರೀ ದಾಟುಸೇತುವೆ. ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗುವುದು ಕಂಪ್ಯೂಟರ್. ಹೀಗಿದ್ದಾಗ ನಾಲ್ಕು ಪೋರ್ಟಿನ ವೈ-ಫೈ ಮೋಡೆಮ್ ತಂದಿಟ್ಟರೂ ಒಂದು ಕಂಪ್ಯೂಟರಿಗೆ ನೆಟ್ ಬಂದು ಪಕ್ಕದ ಕೋಣೆಯದಕ್ಕೆ ಬರುತ್ತಿರಲಿಲ್ಲ. ಇನ್ನೊಂದು ಬಗೆಯಲ್ಲಿ, ಬ್ರೌಸರಿನಲ್ಲಿ 192.168.1.1 ತೆರೆದು, ಆ ಹೆಸರು ಮತ್ತು ಪಾಸ್‌ವರ್ಡನ್ನು ಮೋಡೆಮ್‌ನಲ್ಲೇ ಬರೆದಿಟ್ಟರೆ ಮೋಡೆಮ್ಮೇ ಸಂಪರ್ಕ ಪಡೆದು, ಕೇಳಿದ ಪ್ರತಿ ಯಂತ್ರಕ್ಕೂ ಒಂದೊಂದು ಖಾಸಗಿ ವಿಳಾಸ ಕೊಡುತ್ತಿತ್ತು. ಲೈನ್‌ಮನ್ ಬಾರದ ದಿನ ಈ ಕೆಲಸ ಬೀದಿಯ ಇಂಜಿನಿಯರಿಂಗ್ ಹುಡುಗರ ಪಾಲಿಗೆ ಬರುತ್ತಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯಂತೆ ಆಗ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್ ಎನಿಸುತ್ತಿತ್ತು. ಅಷ್ಟರಲ್ಲೇ ಹಂಚಿಕೊಂಡರೆ, ಒಬ್ಬರು ಸಿನಿಮಾ ಇಳಿಸುವಾಗ ಇನ್ನೊಬ್ಬರ ಮೇಲ್ ತೆರೆಯುವುದೂ ಕಷ್ಟವಾಗುತ್ತಿತ್ತು.

ಪಾಸ್‌ವರ್ಡ್ ಹಾಕದೆ ವೈ-ಫೈ ಬಿಡುವ ಅಭ್ಯಾಸಕ್ಕೆ ಪೆಟ್ಟು ಬಿದ್ದದ್ದು 2008ರಲ್ಲಿ. ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇ-ಮೇಲ್ ನವಿ ಮುಂಬಯಿಯ ಒಂದು ಮನೆಯ ಸಂಪರ್ಕದಿಂದ, ಮನೆಯವರಿಗೆ ಗೊತ್ತಿಲ್ಲದೆ, ಹೋಗಿತ್ತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಸುರಕ್ಷಿತ ವೈ-ಫೈ ಬಗ್ಗೆ ಸೇವಾದಾತರಿಗೆ ಸೂಚನೆ ಹೊರಡಿಸಿತು.

ಇದೆಲ್ಲ ಬಹುಮಟ್ಟಿಗೆ ಪಟ್ಟಣದ ಕಥೆ. ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ಆಚೆಗೆ ಸೊರಗುತ್ತದೆ. ಹೊಲಗಳ ನಡುವೆ ಊರುಗಳು ಚದುರಿರುವ ಚಾಮರಾಜನಗರ, ಗುಂಡ್ಲುಪೇಟೆಯ ಬಯಲಿಗೆ ಅದು ಹೊಂದುವಂಥದ್ದಲ್ಲ. ನಂಜನಗೂಡು–ಚಾಮರಾಜನಗರ ರೈಲುದಾರಿಯ ಬದನಗುಪ್ಪೆಯ ಬಳಿ ಕೈಗಾರಿಕಾ ಪ್ರದೇಶವಿದೆ. ಆದರೆ ಅಲ್ಲಿನ ಕಾರ್ಖಾನೆಗೆ ತಂತಿ ಎಳೆದರೆಂದು ಪಕ್ಕದ ಮನೆಗಳಿಗೂ ಅದು ಬರುವುದಿಲ್ಲ. ಇಂಥ ಊರುಗಳಲ್ಲಿ ಮನೆಯ ಜಾಲ ಬೇರೆ ಬಾಗಿಲಿನಿಂದ ಬಂತು: 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಫೋನಿನ ಹಾಟ್‌ಸ್ಪಾಟ್. ಫೋನು ಮಾಡುವುದೂ ಮೋಡೆಮ್ ಮಾಡುತ್ತಿದ್ದುದನ್ನೇ, ವಿಳಾಸ ಹಂಚುವುದನ್ನೇ. ಒಂದೇ ತೊಂದರೆ, ಅಪ್ಪ ಫೋನು ಹಿಡಿದು ಹೊಲಕ್ಕೆ ಹೊರಟರೆ ಮನೆಯ ಇಂಟರ್‌ನೆಟ್ಟೂ ಜೊತೆಗೇ ಹೊರಡುತ್ತದೆ. 2020ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಇದು ತಮಾಷೆಯ ಮಾತಾಗಿ ಉಳಿಯಲಿಲ್ಲ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಪಂಚಾಯಿತಿಯಿಂದ ಮನೆಯವರೆಗಿನ ದೂರವನ್ನು ಅನೇಕ ಕಡೆ ತುಂಬಿದವರು ಟಿ.ವಿ. ಕೇಬಲ್‌ನವರು. ಅವರು ಕೂರಿಸುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೋಡೆಮ್, ರೂಟರ್, ವೈ-ಫೈ ಎಲ್ಲ ಒಟ್ಟಿಗೇ ಇರುವುದರಿಂದ ಬ್ರಿಡ್ಜ್ ಕ್ರಮದ ಗೋಜು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಆದರೆ ವಿಳಾಸಗಳ ಕೊರತೆಯಿಂದಾಗಿ ಹಲವು ಸೇವಾದಾತರು ಈಗ ಒಂದೇ ಹೊರವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತಾರೆ. 2012ರಲ್ಲಿ ಇದಕ್ಕೆಂದೇ 100.64ರಿಂದ ಶುರುವಾಗುವ ವಿಳಾಸಗಳನ್ನು ಮೀಸಲಿಡಲಾಯಿತು. ಅಂಥ ಸಂಪರ್ಕವಿರುವ ತೋಟದ ಮನೆಯ ಕ್ಯಾಮೆರಾವನ್ನು ಊರಾಚೆಯಿಂದ ಸಾಮಾನ್ಯವಾಗಿ ನೇರವಾಗಿ ನೋಡಲಾಗದು; ಹೆಚ್ಚಾಗಿ ಕ್ಯಾಮೆರಾ ಕಂಪನಿಯ ಸರ್ವರ್ ನಡುವೆ ಬರಬೇಕಾಗುತ್ತದೆ.