ಬೆಂಗಳೂರಿನಲ್ಲಿ ಜೆಟ್ ಶಿಕ್ಷಣವಿಮಾನಗಳ ನಿರ್ಮಾಣ

ಯುದ್ಧವಿಮಾನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವೇಗವನ್ನೂ ಆಯುಧಬಲವನ್ನೂ ಎಣಿಸಿ ತೃಪ್ತರಾಗುವರು. ಆ ವಿಮಾನಗಳನ್ನು ನಡೆಸಿದವರು ಯಾವ ಯಂತ್ರದ ಮೇಲೆ, ಯಾವ ಕ್ರಮದಿಂದ ಆ ವಿದ್ಯೆಯನ್ನು ಕಲಿತರೆಂಬ ವಿಚಾರವು ಅವರ ಗ್ರಂಥಗಳಲ್ಲಿ ಅಡಿಟಿಪ್ಪಣಿಯಾಗಿ ಬರುವುದೂ ಅಪೂರ್ವ. ಕಾವ್ಯವನ್ನು ಕೊಂಡಾಡಿ ಕವಿಗೆ ಅಕ್ಷರ ತಿದ್ದಿಸಿದವನನ್ನು ಮರೆಯುವ ರೂಢಿಯು ಸಾಹಿತ್ಯಚರಿತ್ರೆಯಲ್ಲಿಯೂ ಇಲ್ಲದಿಲ್ಲ. ಭಾರತದ ವಿಷಯದಲ್ಲಿ ಈ ಉಪೇಕ್ಷೆಯು ವಿಶೇಷವಾಗಿ ಅನುಚಿತವಾದುದು. ಏಕೆಂದರೆ ಬೆಂಗಳೂರಿನ ಕಾರ್ಖಾನೆಯಿಂದ ಹೊರಟ ಮೊಟ್ಟಮೊದಲಿನ ವಿಮಾನವೇ ಶಿಕ್ಷಣವಿಮಾನವಾಗಿದ್ದಿತು.

1940ನೆಯ ಇಸವಿ ಡಿಸೆಂಬರ್ 23ರಂದು, ವಾಲ್‌ಚಂದ್ ಹೀರಾಚಂದರ ಉದ್ಯಮಸಾಹಸವೂ ಮೈಸೂರು ಸಂಸ್ಥಾನದ ಆಶ್ರಯವೂ ಕೂಡಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯು ಸ್ಥಾಪಿತವಾಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಭೂಮಿಯನ್ನೂ ಬಂಡವಾಳದ ಒಂದು ಪಾಲನ್ನೂ ಸಂಸ್ಥಾನವೇ ಒದಗಿಸಿತು. 1941ರಲ್ಲಿ ಹಾರ್ಲೋ ಎಂಬ ಅಮೆರಿಕದ ಶಿಕ್ಷಣವಿಮಾನವು ಇಲ್ಲಿ ಜೋಡಣೆಗೊಂಡು ಹಾರಿತು. ಅದರ ಹಿಂದೆಯೇ 1942ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವು ಸಿದ್ಧವಾಯಿತು. ಹಾಕ್ ಎಂದರೆ ಗಿಡುಗ. ಈ ಗಿಡುಗನ ಹೆಸರು ಅರುವತ್ತೆರಡು ವರ್ಷಗಳ ತರುವಾಯ ಇದೇ ಕಾರ್ಖಾನೆಯ ಬಾಗಿಲಿಗೆ ಬೇರೊಂದು ರೂಪದಲ್ಲಿ ಮರಳಿ ಬಂದುದು ಮುಂದೆ ತಿಳಿದುಬರುವುದು.

ಈ ದೇಶದಲ್ಲಿಯೇ ಕಲ್ಪಿತವಾದ ಶಿಕ್ಷಣವಿಮಾನಗಳ ಚರಿತ್ರೆಯು ವಿ. ಎಂ. ಘಾಟಗೆಯವರಿಂದ ಆರಂಭವಾಗುತ್ತದೆ. ಅವರು ಜರ್ಮನಿಯ ಗಟಿಂಗೆನ್ ನಗರದಲ್ಲಿ ವಾಯುಗತಿಶಾಸ್ತ್ರದ ಆಚಾರ್ಯರಾದ ಪ್ರಾಂಟ್ಲರ ಬಳಿ ವ್ಯಾಸಂಗ ಮಾಡಿ ಬಂದವರು. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರದ ಬೋಧನೆಯು ಮೊದಲಾದ ಕಾಲದ ಅಧ್ಯಾಪಕರಲ್ಲಿ ಒಬ್ಬರು. ಪಾಠ ಹೇಳಿದ ಅನುಭವವುಳ್ಳವರೇ ಪಾಠ ಹೇಳುವ ಯಂತ್ರವನ್ನು ರಚಿಸಲು ಹೊರಟುದು ಆಕಸ್ಮಿಕವಿದ್ದರೂ ಇರಬಹುದು. ಆದರೆ ಶುಭಶಕುನವಾಗಿ ಪರಿಣಮಿಸಿತು. ಅವರ ನೇತೃತ್ವದಲ್ಲಿ ರಚಿತವಾದ ಎಚ್‌ಟಿ-2 ಎಂಬ ಪಂಖದ ವಿಮಾನವು 1951ರ ಆಗಸ್ಟ್ ತಿಂಗಳಲ್ಲಿ ಹಾರಿತು.

ಅಷ್ಟರಲ್ಲಿ ಜೆಟ್ ಎಂಜಿನು ಬಂದಿದ್ದಿತು. ಪಂಖದ ವಿಮಾನದಲ್ಲಿ ವೈಮಾನಿಕನು ಶಕ್ತಿಯನ್ನು ಕೇಳಿದ ಕ್ಷಣದಲ್ಲಿಯೇ ಎಂಜಿನು ಅದನ್ನು ಕೊಡುತ್ತದೆ. ಅಂದಿನ ಜೆಟ್ ಎಂಜಿನಾದರೋ ಕೇಳಿದುದನ್ನು ಕೆಲವು ಕ್ಷಣಗಳು ತಡೆದು ಕೊಡುತ್ತಿದ್ದಿತು. ಆದುದರಿಂದ ಜೆಟ್ ನಡೆಸುವವನು ಮುಂದಾಗುವುದನ್ನು ಮೊದಲೇ ಎಣಿಸುವ ಅಭ್ಯಾಸವನ್ನು ಹೊಸದಾಗಿ ಕಲಿಯಬೇಕಾಯಿತು. ಈ ಶಿಕ್ಷಣವು ಮೊದಲು ಬ್ರಿಟನ್ನಿನ ವ್ಯಾಂಪೈರ್ ವಿಮಾನಗಳ ಮೇಲೆ ನಡೆಯಿತು. ಅವುಗಳ ಸ್ಥಾನವನ್ನು ತುಂಬುವುದಕ್ಕಾಗಿ 1961ರಲ್ಲಿ ಘಾಟಗೆಯವರು ಕೈಗೊಂಡ ರಚನೆಯೇ ಎಚ್‌ಜೆಟಿ-16, ಅರ್ಥಾತ್ ಕಿರಣ್. 1964ರ ಸೆಪ್ಟೆಂಬರ್ 4ರಂದು ಅದನ್ನು ಮೊದಲಬಾರಿಗೆ ಹಾರಿಸಿದವರು ಸುರಂಜನ ದಾಸ್. ಕಂಪೆನಿಯು ಹಳೆಯ ಹೆಸರನ್ನು ಬಿಟ್ಟು ಹಿಂದೂಸ್ತಾನ್ ಏರೋನಾಟಿಕ್ಸ್ ಎಂದಾದುದು ಅದೇ ಅಕ್ಟೋಬರ್ 1ರಂದು. ಮೂರು ವರ್ಷಗಳ ಹಿಂದೆ ಮಾರುತ್ ಯುದ್ಧವಿಮಾನವನ್ನು ಮೊದಲು ಹಾರಿಸಿದವರೂ ಈ ದಾಸರೇ. 1970ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆ ಮಾರುತದ ಒಂದು ಹೊಸ ರೂಪವನ್ನು ಪರೀಕ್ಷಿಸುವಾಗ ಅಸುನೀಗಿದರು.

ಕಿರಣದಲ್ಲಿ ಗುರುಶಿಷ್ಯರ ಆಸನಗಳು ಒಂದರ ಪಕ್ಕದಲ್ಲೊಂದು. ಶಿಷ್ಯನ ಕೈಯು ತಪ್ಪಿದೆಡೆ ಗುರುವಿನ ಕಣ್ಣಿಗೆ ಕೂಡಲೆ ಬೀಳುವುದು. ಎಂಜಿನು ಬ್ರಿಟನ್ನಿನ ವೈಪರ್. ಅದರ ನೂಕುಬಲವು 2500 ಪೌಂಡು. 1968ರಲ್ಲಿ ವಾಯುಸೇನೆಗೆ ಮೊದಲ ವಿಮಾನಗಳು ಸಂದುವು. ನ್ಯಾಟ್ ವಿಮಾನಕ್ಕಾಗಿ ಬೆಂಗಳೂರಿನಲ್ಲಿಯೇ ತಯಾರಾಗುತ್ತಿದ್ದ ಆರ್ಫಿಯಸ್ ಎಂಜಿನನ್ನು ತೊಡಿಸಿದ ಎರಡನೆಯ ರೂಪವು 1976ರ ಜುಲೈನಲ್ಲಿ ಹಾರಿ, 1989ರ ವರೆಗೆ ನಿರ್ಮಾಣದಲ್ಲಿದ್ದಿತು. ಮೊದಲಿನ ರೂಪಗಳು 190, ಎರಡನೆಯದು 61. ವೈಪರ್‌ನ ಮೇಲೆ ಹುಟ್ಟಿದ ವಿಮಾನವು ಆರ್ಫಿಯಸ್‌ನ ಮೇಲೆ ಬಾಳಿದುದನ್ನು ಗಮನಿಸಬೇಕು. ಎಂಜಿನಿನ ಪ್ರಶ್ನೆಯು ಮುಂದೆ ಮತ್ತೆ ಬರುವುದು. 1996ರಲ್ಲಿ ರೂಪುಗೊಂಡು ಬೀದರಿನಲ್ಲಿ ನೆಲಸಿದ ಸೂರ್ಯಕಿರಣ ತಂಡವು 2011ರ ವರೆಗೆ ಈ ಎರಡನೆಯ ರೂಪದಿಂದಲೇ ಆಕಾಶದಲ್ಲಿ ಚಮತ್ಕಾರಗಳನ್ನು ತೋರಿಸಿತು.

ಇಲ್ಲಿ ಹೆಸರುಗಳ ವಿಚಾರವಾಗಿ ಒಂದು ಮಾತು. ಕಿರಣವು ರಶ್ಮಿ, 1977ರಲ್ಲಿ ಹಾರಿದ ಪಂಖದ ಶಿಕ್ಷಣವಿಮಾನವು ದೀಪಕ್, 1975ರಲ್ಲಿ ಪೋಲೆಂಡಿನಿಂದ ತರಿಸಿದ ಜೆಟ್ ಶಿಕ್ಷಣವಿಮಾನವು ಇಸ್ಕ್ರಾ, ಪೋಲಿಷ್ ಭಾಷೆಯಲ್ಲಿ ಕಿಡಿ, ಕಿರಣದ ಉತ್ತರಾಧಿಕಾರಿಯೆಂದು ಸಂಕಲ್ಪಿತವಾದುದು ಸಿತಾರಾ, ಫಾರಸಿಯಲ್ಲಿ ನಕ್ಷತ್ರ. ಯುದ್ಧವಿಮಾನಕ್ಕೆ ಗಾಳಿಯ ಹೆಸರು, ಶಿಕ್ಷಣವಿಮಾನಕ್ಕೆ ಬೆಳಕಿನ ಹೆಸರು. ಇದು ಕಾಕತಾಳೀಯವೋ, ಗುರುಶಬ್ದಕ್ಕೆ ಪೂರ್ವಿಕರು ಹೇಳಿದ ತಮೋನಿವಾರಕನೆಂಬ ನಿರ್ವಚನವು ಯಾರ ಮನಸ್ಸಿನಲ್ಲಾದರೂ ಇದ್ದಿತೋ, ನಿರ್ಣಯಿಸುವುದಕ್ಕೆ ಆಧಾರವಿಲ್ಲ.

ಶಿಕ್ಷಣವಿಮಾನದ ಮುಖ್ಯ ಲಕ್ಷಣವೇನೆಂಬುದನ್ನು ವಿಚಾರಿಸದೆ ಸಿತಾರಾದ ಕಥೆಯು ಅರ್ಥವಾಗದು. ಯುದ್ಧವಿಮಾನವು ನುರಿತವನ ಕೈಯಲ್ಲಿರುವುದರಿಂದ ಅಪಾಯದ ಸ್ಥಿತಿಯನ್ನು ಹತ್ತಿರ ಬರಗೊಡದಿದ್ದರೆ ಸಾಕು. ಶಿಕ್ಷಣವಿಮಾನಕ್ಕೆ ಅದು ಸಾಲದು. ಶಿಷ್ಯನು ತಪ್ಪು ಮಾಡಿಯೇ ಮಾಡುವನು, ಮಾಡಬೇಕೆಂದೇ ಅವನನ್ನು ಮೇಲಕ್ಕೆ ಕರೆದೊಯ್ಯುವುದು. ವಿಮಾನದ ಮೂಗನ್ನು ಮಿತಿಮೀರಿ ಮೇಲೆತ್ತಿದರೆ ರೆಕ್ಕೆಯ ಮೇಲಣ ಗಾಳಿಯು ಅದಕ್ಕೆ ಅಂಟಿಕೊಂಡು ಹರಿಯುವುದನ್ನು ಬಿಡುತ್ತದೆ. ಎತ್ತುವ ಬಲವು ಕುಸಿಯುತ್ತದೆ. ಒಂದು ರೆಕ್ಕೆಯು ಇನ್ನೊಂದಕ್ಕಿಂತ ಮೊದಲು ಕುಸಿದರೆ ವಿಮಾನವು ತನ್ನ ಸುತ್ತಲೇ ತಿರುಗುತ್ತ ಕೆಳಕ್ಕೆ ಇಳಿಯತೊಡಗುವುದು. ಇದೇ ಸ್ಪಿನ್; ಕನ್ನಡದ ಗಿರಕಿ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಗಿರಕಿಯಿಂದ ಬಿಡಿಸಿಕೊಳ್ಳುವುದಕ್ಕೆ ತಿರುಗುವ ದಿಕ್ಕಿಗೆ ಎದುರಾಗಿ ಚುಕ್ಕಾಣಿಯನ್ನು ಒತ್ತಬೇಕು. ಆದರೆ ಇಳಿಯುವ ವಿಮಾನಕ್ಕೆ ಗಾಳಿಯು ಕೆಳಗಿನಿಂದ ಬಡಿಯುವುದರಿಂದ, ಬಾಲದ ಅಡ್ಡರೆಕ್ಕೆಯೇ ಚುಕ್ಕಾಣಿಗೆ ಮರೆಯಾಗಿ ನಿಂತರೆ, ಒತ್ತಿದುದು ವ್ಯರ್ಥವಾಗುವುದು. ಶಿಕ್ಷಣವಿಮಾನವು ಗಿರಕಿಗೆ ಬೇಕೆಂದಾಗ ಬೀಳಬೇಕು, ಬೇಡವೆಂದಾಗ ಏಳಬೇಕು. ಈ ಎರಡರಲ್ಲಿ ಒಂದಿಲ್ಲದಿದ್ದರೂ ಅದು ಗುರುವಾಗಲಾರದು.

ಸಿತಾರಾ, ಅರ್ಥಾತ್ ಎಚ್‌ಜೆಟಿ-36, ಇದರ ರಚನೆಯು 1997ರಲ್ಲಿ ಆರಂಭವಾಯಿತು. ಸರ್ಕಾರದ ಒಪ್ಪಂದವು 1999ರಲ್ಲಿ ಆಯಿತು. 2003ರ ಮಾರ್ಚ್ 7ರಂದು ಬಲದೇವ ಸಿಂಗರು ಅದನ್ನು ಬೆಂಗಳೂರಿನಲ್ಲಿ ಹಾರಿಸಿದರು. ಇಲ್ಲಿ ಆಸನಗಳು ಹಿಂದುಮುಂದಾಗಿದ್ದು, ಗುರುವಿನದು ತುಸು ಎತ್ತರದಲ್ಲಿ. ಎಂಜಿನು ಫ್ರಾನ್ಸಿನ ಲಾರ್ಜಾಕ್. ಕೆಲಕಾಲದಲ್ಲಿಯೇ ಅದನ್ನು ಬಿಟ್ಟು ರಷ್ಯದ ಎಎಲ್-55ಐ ಎಂಬುದನ್ನು ಆರಿಸಲಾಯಿತು. ಅದನ್ನು ತೊಟ್ಟ ಸಿತಾರಾ ಹಾರಿದುದು 2009ರ ಮೇ ತಿಂಗಳಲ್ಲಿ. ನಡುವೆ 2007ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ನೆಲಬಿಡುವ ಓಟದಲ್ಲಿದ್ದಾಗ ಗಾಜಿನ ಮುಚ್ಚಳವು ತೆರೆದುಕೊಂಡು ವಿಮಾನವು ದಾರಿತಪ್ಪಿತು. 2011ರ ಏಪ್ರಿಲ್‌ನಲ್ಲಿ ಒಂದು ವಿಮಾನವು ಕೃಷ್ಣಗಿರಿಯ ಬಳಿ ಬಿದ್ದುಹೋಯಿತು. ಒಳಗಿದ್ದ ಇಬ್ಬರೂ ಹೊರಹಾರಿ ಬದುಕಿದರು. ಇಷ್ಟಾದರೂ ಪರೀಕ್ಷೆಗಳು ಮುಗಿಯುವ ಮೊದಲೇ, 2006ರಲ್ಲಿ 12, 2010ರಲ್ಲಿ 73, ಹೀಗೆ 85 ವಿಮಾನಗಳಿಗೆ ಬೇಡಿಕೆಯು ಬಂದಿದ್ದಿತು. ಕಡೆಗೆ ವಿಮಾನವು ನಿಂತುದು ಗಿರಕಿಯ ಪರೀಕ್ಷೆಯಲ್ಲಿ.

ಈ ವಿಲಂಬವನ್ನು ಕುರಿತು ಒಂದು ಮತವು ಪ್ರಚಲಿತವಾಗಿದೆ. ಘಾಟಗೆಯವರ ಕಾಲದ ರಚನಾಕೌಶಲವು ಬೆಂಗಳೂರಿನಲ್ಲಿ ನಷ್ಟವಾಯಿತು. ಕಿರಣವನ್ನು ಶೀಘ್ರವಾಗಿ ಹಾರಿಸಿದವರ ಉತ್ತರಾಧಿಕಾರಿಗಳು ಸಿತಾರಾವನ್ನು ಇಪ್ಪತ್ತು ವರ್ಷಗಳಲ್ಲಿಯೂ ಮುಗಿಸಲಾರದೆ ಹೋದರು ಎಂದು. ಇದು ಪೂರ್ವಪಕ್ಷ. ತೇದಿಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಇದು ನಿಲ್ಲುವುದು ಕಷ್ಟ. ಕಿರಣವು ರಚನಾರಂಭದಿಂದ ಮೂರು ವರ್ಷಗಳಲ್ಲಿ ಹಾರಿತು. ಸಿತಾರಾ ಒಪ್ಪಂದದಿಂದ ನಾಲ್ಕು ವರ್ಷಗಳೊಳಗೆ. ನಕ್ಷೆಯಿಂದ ಆಕಾಶಕ್ಕೆ ಏರುವ ದಾರಿಯಲ್ಲಿ ಭೇದವು ಅಲ್ಪ. ಭೇದವೆಲ್ಲವೂ ಹಾರಿದ ಮೇಲಿನದು: ಕಿರಣವು ಹಾರಿದ ನಾಲ್ಕನೆಯ ವರ್ಷದಲ್ಲಿ ಸೇನೆಗೆ ಸಂದಿತು, ಸಿತಾರಾಕ್ಕೆ ಆರನೆಯ ವರ್ಷದಲ್ಲಿ ಹೊಸ ಎಂಜಿನು ಬಂದಿತು. ಎಂಜಿನು ಬದಲಾದರೆ ತೂಕವೂ ತೂಕದ ಕೇಂದ್ರವೂ ಬದಲಾಗಬಹುದು. ಆಗ ಮುಗಿದ ಪರೀಕ್ಷೆಗಳು ಮತ್ತೆ ಮೊದಲಿನಿಂದ. ಕಿರಣದ ಎಂಜಿನು ಬದಲಾದುದೂ ನಿಜವೇ. ಆದರೆ ಅದು ಮೊದಲ ರೂಪವು ಸೇನೆಯಲ್ಲಿ ನೆಲೆಗೊಂಡ ಮೇಲೆ. ಆದುದರಿಂದ ದೋಷವನ್ನು ಕೌಶಲನಾಶಕ್ಕಿಂತ ಮಿಗಿಲಾಗಿ ನಿರ್ಧಾರಗಳ ಅಕಾಲಿಕತೆಯಲ್ಲಿ ಹುಡುಕುವುದು ಯುಕ್ತ. ಆದರೂ 1976ರಿಂದ 2003ರ ವರೆಗೆ ಜೆಟ್ ಶಿಕ್ಷಣವಿಮಾನವೊಂದನ್ನು ಮೊದಲಿಂದ ಕೊನೆಯವರೆಗೆ ನಡೆಸಿದ ಉದಾಹರಣೆ ಇಲ್ಲದಿರುವುದನ್ನು ಮುಚ್ಚಿಡಲಾಗದು. ಗ್ರಂಥವು ಉಳಿದರೂ ಪಾಠಪರಂಪರೆಯು ಕಡಿದರೆ ವ್ಯಾಖ್ಯಾನವು ಕುಂಠಿತವಾಗುವುದು ಶಾಸ್ತ್ರಗಳಲ್ಲಿ ಕಂಡ ಮಾತೇ.

ನಿರ್ಧಾರಗಳ ವಿಲಂಬಕ್ಕೆ ಇನ್ನೊಂದು ಸಾಕ್ಷ್ಯವುಂಟು. ಕಿರಣಕ್ಕೂ ಶಬ್ದಾತಿಗಾಮಿಯಾದ ಮಿಗ್-21ಕ್ಕೂ ನಡುವೆ ಒಂದು ಮೆಟ್ಟಿಲು ಬೇಕೆಂದು ಲಾ ಫಾಂಟೇನ್ ಸಮಿತಿಯು 1982ರಷ್ಟು ಹಿಂದೆಯೇ ವಿಚಾರಿಸಿದ್ದಿತು. ಆ ಮೆಟ್ಟಿಲಿಗಾಗಿ ಒಪ್ಪಂದವಾದುದು 2004ರ ಮಾರ್ಚ್‌ನಲ್ಲಿ: ಬ್ರಿಟನ್ನಿನ 66 ಹಾಕ್ ವಿಮಾನಗಳು, ಅವುಗಳಲ್ಲಿ 42 ಬೆಂಗಳೂರಿನಲ್ಲಿಯೇ ನಿರ್ಮಾಣವಾಗತಕ್ಕವು. ಅದೇ ತಿಂಗಳು ಸಿತಾರಾದ ಎರಡನೆಯ ಮಾದರಿಯೂ ಹಾರಿತು. 2008ರಲ್ಲಿ ಹಾಕ್‌ಗಳು ಬೀದರಿನಲ್ಲಿ ವಾಯುಸೇನೆಯನ್ನು ಸೇರಿದುವು. ನಡುವಣ ಇಪ್ಪತ್ತೆರಡು ವರ್ಷಗಳು ಕಡತಗಳಲ್ಲಿ ಕಳೆದುವು. ಆದರೆ ಪ್ರತಿ ವರ್ಷವೂ ಹೊಸ ತರುಣರ ತಂಡವೊಂದು ಆ ಮೆಟ್ಟಿಲಿಲ್ಲದ ಎಡೆಯನ್ನು ಹಾರಿ ದಾಟಬೇಕಾಗಿದ್ದಿತು. 2009ರಲ್ಲಿ ದೀಪಕ್ ವಿಮಾನಗಳನ್ನು ನಿಲ್ಲಿಸಿದಾಗ ಮೊದಲ ಪಾಠದ ಹೊರೆಯೂ ವೃದ್ಧವಾದ ಕಿರಣದ ಮೇಲೆಯೇ ಬಿದ್ದಿತು. 2012ರಲ್ಲಿ 75 ಪಿಲಾಟಸ್ ವಿಮಾನಗಳಿಗೆ ಸ್ವಿಟ್ಜರ್ಲೆಂಡಿನೊಡನೆ ಒಪ್ಪಂದವಾದ ಮೇಲೆ ಆ ಹೊರೆಯು ಇಳಿಯಲಾರಂಭಿಸಿತು.

ಸಿತಾರಾದ ದೋಷವನ್ನು ತಿದ್ದಿದ ಬಗೆಯು ಸರಳವಾಗಿ ಕಾಣುವುದು: ಬಾಲದ ನೆಟ್ಟನೆಯ ರೆಕ್ಕೆಯನ್ನು ಹಿಂದಕ್ಕೆ ಸರಿಸಿ, ಚುಕ್ಕಾಣಿಯನ್ನು ಹಿಗ್ಗಿಸಿದರು. ಅದು ಸರಳವೆಂದು ನಿಶ್ಚಯಿಸುವುದಕ್ಕೆ ವಾಯುಸುರಂಗದ ಪರೀಕ್ಷೆಗಳೂ ಗಣನೆಗಳೂ ಬಹಳ ಬೇಕಾದುವು. ತಿದ್ದಿದ ವಿಮಾನವು 2019ರ ಏಪ್ರಿಲ್‌ನಲ್ಲಿ ಹಾರಿತು. ಎಡಕ್ಕೂ ಬಲಕ್ಕೂ ಆರಾರು ಸುತ್ತು ಗಿರಕಿ ಹೊಡೆದು ಕ್ಷೇಮವಾಗಿ ಎದ್ದಿತೆಂದು 2022ರ ಜನವರಿಯಲ್ಲಿ ಪ್ರಕಟವಾಯಿತು. ಮೊದಲ ಹಾರಾಟದಿಂದ ಹತ್ತೊಂಬತ್ತನೆಯ ವರ್ಷದಲ್ಲಿ.

2025ರ ಫೆಬ್ರವರಿಯಲ್ಲಿ ಯಲಹಂಕದ ಪ್ರದರ್ಶನದಲ್ಲಿ ಈ ವಿಮಾನಕ್ಕೆ ಯಶಸ್ ಎಂದು ಹೊಸ ನಾಮಕರಣವಾಯಿತು. ಬೆಳಕಿನ ಹೆಸರುಗಳ ಪಂಕ್ತಿಯು ಇಲ್ಲಿಗೆ ತುಂಡಾಯಿತು. ಸಕಾರಾಂತ ನಪುಂಸಕಲಿಂಗದ ಈ ಶಬ್ದವು ಹಳಗನ್ನಡದಲ್ಲಿ ಯಶಂ ಎಂದೂ ಹೊಸಗನ್ನಡದಲ್ಲಿ ಯಶಸ್ಸು ಎಂದೂ ಪ್ರಯೋಗದಲ್ಲಿದೆ. ವಿಮಾನದ ಮೈಮೇಲೆ ಬರೆದಿರುವುದು ವಿಭಕ್ತಿಯು ಇನ್ನೂ ಹತ್ತದ ಪ್ರಾತಿಪದಿಕ.