ಕಾರ್ಬೊರೇಟರ್ ಬದಲಿಸಿದರೆ ಹಳೇ ಆಟೋಮ್ಯಾಟಿಕ್ ಕಾರಿನ ಮೈಲೇಜ್ ಎರಡರಷ್ಟಾಗುತ್ತದೆಯೇ?

"ಹಳೇ ಕಾರು ಮಾರಬೇಡಿ! ಈ ಕಾರ್ಬೊರೇಟರ್ ಹಾಕಿಸಿ, ಮೈಲೇಜ್ ಡಬಲ್ ಆಗುತ್ತದೆ. ಯಾವ ಕಾರಿಗಾದರೂ ಕೂರುತ್ತದೆ, ಅರ್ಧ ಗಂಟೆಯ ಕೆಲಸ." ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಕೋಟೇಶ್ವರದ ಓದುಗರೊಬ್ಬರು ಅದನ್ನು ನಮಗೆ ಕಳುಹಿಸಿ ಹೀಗೆ ಕೇಳಿದ್ದಾರೆ: "ಅಪ್ಪಯ್ಯ ಕೊಂಡಿದ್ದ ಆಟೋಮ್ಯಾಟಿಕ್ ಝೆನ್ ಮನೆಯಲ್ಲಿದೆ. ಈಗ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ನಿಂತಲ್ಲಿ ಆಫ್ ಆಗುತ್ತದೆ. ಬೇರೆ ಕಂಪನಿಯ ಕಾರ್ಬೊರೇಟರ್ ಹಾಕಿಸಬಹುದೇ?"

ನಮ್ಮ ಚುಟುಕು ಉತ್ತರ: ಮೈಲೇಜ್ ಎರಡರಷ್ಟಾಗುವುದು ಸುಳ್ಳು. ಬೇರೆ ಕಾರ್ಬೊರೇಟರ್ ಹಾಕಿಸಲು ಸಾಧ್ಯವಿದೆ, ಆದರೆ ಆಟೋಮ್ಯಾಟಿಕ್ ಕಾರಿನಲ್ಲಿ ಅದು ಅರ್ಧ ಗಂಟೆಯ ಕೆಲಸವಲ್ಲ. ಒಂದು ಕೇಬಲ್ ತಪ್ಪಾಗಿ ಕೂತರೆ ಗೇರ್‌ಬಾಕ್ಸೇ ಸುಟ್ಟುಹೋಗಬಹುದು. ಹೇಗೆಂದು ನೋಡೋಣ.

ಕಾರ್ಬೊರೇಟರ್ ಮಾಡುವ ಕೆಲಸವೇನು?

ಪೆಟ್ರೋಲ್ ಮತ್ತು ಗಾಳಿಯನ್ನು ಸರಿಯಾದ ಅಳತೆಯಲ್ಲಿ ಬೆರೆಸಿ ಎಂಜಿನ್‌ಗೆ ಕೊಡುವುದು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬೊರೇಟರ್‌ನ ಒಳಗೆ ಗಾಳಿಯ ದಾರಿ ಒಂದು ಕಡೆ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಇಳಿದ ಒತ್ತಡ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ.

ನಮ್ಮಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800, 1993ರಲ್ಲಿ ಬಂದ ಝೆನ್ ಎಲ್ಲವೂ ಕಾರ್ಬೊರೇಟರ್ ಕಾರುಗಳೇ. 2000ದ ಆಸುಪಾಸಿನಲ್ಲಿ ಮಾಲಿನ್ಯ ನಿಯಮ ಬಿಗಿಯಾದ ಮೇಲೆ ಹೊಸ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಷನ್ ಬಂತು. ಆ ಕಾಲದ ಆಟೋಮ್ಯಾಟಿಕ್ ಕಾರುಗಳು ನಮ್ಮಲ್ಲಿ ಕಡಿಮೆ. ಅದಕ್ಕೇ ಅವುಗಳ ಕಾರ್ಬೊರೇಟರ್ ಬಿಚ್ಚಿ ಕೂರಿಸಿ ಅಭ್ಯಾಸವಿರುವ ಮೆಕ್ಯಾನಿಕ್‌ಗಳೂ ಕಡಿಮೆ.

ಮೈಲೇಜ್ ಡಬಲ್ ಆಗುವುದಿಲ್ಲ ಏಕೆ?

ಈ ಮಾತು ಹೊಸದಲ್ಲ. ಕೆನಡಾದ ಚಾರ್ಲ್ಸ್ ನೆಲ್ಸನ್ ಪೋಗ್ ಎಂಬವರು 1930ರ ದಶಕದಲ್ಲಿ ಒಂದು ಕಾರ್ಬೊರೇಟರ್‌ಗೆ ಪೇಟೆಂಟ್ ಪಡೆದರು. ಅದರಿಂದ ಗ್ಯಾಲನ್‌ಗೆ 200 ಮೈಲಿ ಓಡಿಸಬಹುದು ಎಂದು ಪ್ರಚಾರವಾಯಿತು. ತಣ್ಣನೆಯ ಪೆಟ್ರೋಲನ್ನು ಮೊದಲೇ ಪೂರ್ತಿ ಆವಿ ಮಾಡಿದರೆ ಹೆಚ್ಚು ಶಕ್ತಿ ಸಿಗುತ್ತದೆ ಎಂಬುದು ಅದರ ಹಿಂದಿನ ವಾದ. ಆ ಮೈಲೇಜನ್ನು ಯಾರೂ ಪರೀಕ್ಷೆಯಲ್ಲಿ ಸಾಬೀತು ಮಾಡಲಿಲ್ಲ. ಸುದ್ದಿ ಮಾತ್ರ ಇಂದಿಗೂ ಹೊಸ ಹೊಸ ಹೆಸರಿನಲ್ಲಿ ಓಡುತ್ತಿದೆ.

ಲೆಕ್ಕ ಸರಳ. ಸರಿಯಾಗಿರುವ ಎಂಜಿನ್‌ನಲ್ಲಿ ಒಳಹೋದ ಪೆಟ್ರೋಲ್ ಹೆಚ್ಚುಕಡಿಮೆ ಎಲ್ಲವೂ ಉರಿದೇ ಹೋಗುತ್ತದೆ. ಉರಿಯದೆ ಹೊಗೆಯಲ್ಲಿ ಹೊರಬೀಳುವ ಪಾಲು ತೀರಾ ಸಣ್ಣದು. ನಷ್ಟವಾಗುವುದು ಉರಿದ ಮೇಲೆ: ಶಕ್ತಿಯ ದೊಡ್ಡ ಪಾಲು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಶಾಖವಾಗಿ ಹೋಗುತ್ತದೆ. ಅದನ್ನು ಯಾವ ಕಾರ್ಬೊರೇಟರೂ ತಡೆಯಲಾರದು.

ಹಾಗಾದರೆ "ಹಾಕಿಸಿದ ಮೇಲೆ ಮೈಲೇಜ್ ಬಂತು" ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. ಹಳೆಯ ಕಾರ್ಬೊರೇಟರ್ ಕೆಟ್ಟು ಪೆಟ್ರೋಲ್ ಜಾಸ್ತಿ ಬಿಡುತ್ತಿದ್ದರೆ, ಹೊಸದು ಹಾಕಿದಾಗ ಮೈಲೇಜ್ ಮೊದಲಿನಷ್ಟಕ್ಕೆ ಮರಳುತ್ತದೆ. ಹಳೆಯದನ್ನೇ ಸರಿಪಡಿಸಿದ್ದರೂ ಅಷ್ಟೇ ಬರುತ್ತಿತ್ತು.

ದೊಡ್ಡ ಕಾರ್ಬೊರೇಟರ್ ಹಾಕಿದರೆ ಪಿಕಪ್ ಬರುವುದೇ?

ಝೆನ್ ಎಂಜಿನ್ 993 ಸಿಸಿ. ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗಿದರೂ ಗರಿಷ್ಠ ಸುಮಾರು 3,000 ಲೀಟರ್ ಗಾಳಿ ಸಾಕು. ಅಮೆರಿಕದ ದೊಡ್ಡ ಎಂಜಿನ್‌ಗಳಿಗೆ ಮಾಡಿದ 500 ಸಿಎಫ್‌ಎಂ ಕಾರ್ಬೊರೇಟರ್ ನಿಮಿಷಕ್ಕೆ ಸುಮಾರು 14,000 ಲೀಟರ್ ಬಿಡಬಲ್ಲದು. ಸಣ್ಣ ಎಂಜಿನ್‌ಗೆ ದೊಡ್ಡ ಬಾಯಿ ಕೊಟ್ಟರೆ ಗಾಳಿಯ ವೇಗ ಬೀಳುತ್ತದೆ, ಜೆಟ್‌ನಿಂದ ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ. ಪಿಕಪ್ ಬರುವ ಬದಲು ಎಂಜಿನ್ ಮುಗ್ಗರಿಸುತ್ತದೆ.

ಆಟೋಮ್ಯಾಟಿಕ್ ಕಾರಿನಲ್ಲಿ ಏನು ಬೇರೆ?

ಫಾರ್ವರ್ಡ್‌ಗಳು ಹೇಳದೆ ಬಿಡುವ ವಿಷಯ ಇದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್‌ಗಳನ್ನು ಹಿಡಿದಿಡುವುದು ಆಯಿಲ್‌ನ ಒತ್ತಡ. ಎಂಜಿನ್ ಹೆಚ್ಚು ಬಲ ಹಾಕಿದಷ್ಟೂ ಹಿಡಿತವೂ ಬಿಗಿಯಾಗಬೇಕು. ನೀವು ಎಕ್ಸಲರೇಟರ್ ಎಷ್ಟು ಒತ್ತಿದ್ದೀರಿ ಎಂದು ಹಳೆಯ ಗೇರ್‌ಬಾಕ್ಸ್‌ಗೆ ತಿಳಿಯುವುದು ಬಹುತೇಕ ಕಾರ್ಬೊರೇಟರ್ ಕಡೆಯಿಂದಲೇ. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

1. ಕೇಬಲ್: ಕಾರ್ಬೊರೇಟರ್‌ನ ಥ್ರಾಟಲ್ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಒಂದು ತಂತಿ ಹೋಗುತ್ತದೆ. ಕೆಲವು ಕಾರುಗಳಲ್ಲಿ ಇದು ಆಯಿಲ್ ಒತ್ತಡವನ್ನೇ ನಿರ್ಧರಿಸುತ್ತದೆ. ಇನ್ನು ಕೆಲವದರಲ್ಲಿ ಪೂರ್ತಿ ಒತ್ತಿದಾಗ ಕೆಳಗಿನ ಗೇರ್‌ಗೆ ಇಳಿಸುವ ಕಿಕ್‌ಡೌನ್ ಕೆಲಸ ಮಾತ್ರ ಮಾಡುತ್ತದೆ.

2. ವ್ಯಾಕ್ಯೂಮ್ ಪೈಪ್: ಎಂಜಿನ್ ಎಳೆಯುವ ಗಾಳಿಯ ನಿರ್ವಾತವೇ ಇಲ್ಲಿ ಸುದ್ದಿ ಒಯ್ಯುತ್ತದೆ. ಪೈಪ್ ಕಳಚಿದರೆ ಗೇರ್ ತಡವಾಗಿ, ಧಡ್ ಎಂದು ಬೀಳುತ್ತದೆ.

3. ಸೆನ್ಸರ್: ಥ್ರಾಟಲ್ ಎಷ್ಟು ತೆರೆದಿದೆ ಎಂದು ವೈರ್ ಮೂಲಕ ಗೇರ್‌ಬಾಕ್ಸ್‌ನ ಕಂಟ್ರೋಲ್ ಯೂನಿಟ್‌ಗೆ ಹೇಳುತ್ತದೆ.

ನಿಮ್ಮ ಕಾರಿನಲ್ಲಿ ಯಾವುದಿದೆ, ಅಥವಾ ಎರಡು ಒಟ್ಟಿಗೆ ಇವೆಯೇ ಎಂಬುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಹೆಚ್ಚು ಅಪಾಯ ಒತ್ತಡ ನಿರ್ಧರಿಸುವ ಕೇಬಲ್‌ನಲ್ಲಿ. ಅದನ್ನು ಸಿಕ್ಕಿಸದೆ ಬಿಟ್ಟರೆ ಅಥವಾ ಸಡಿಲ ಬಿಟ್ಟರೆ, ನೀವು ಎಷ್ಟೇ ಒತ್ತಿದರೂ ಗೇರ್‌ಬಾಕ್ಸ್ "ಕಾಲು ಹಗುರವಾಗಿದೆ" ಎಂದೇ ತಿಳಿಯುತ್ತದೆ. ಹಿಡಿತ ಸಡಿಲವಾಗಿ ಪ್ಲೇಟ್‌ಗಳು ಜಾರುತ್ತವೆ. ಬಾವಿಯ ಹಗ್ಗವನ್ನು ಸಡಿಲ ಹಿಡಿದಾಗ ತುಂಬಿದ ಕೊಡ ಜಾರಿದರೆ ಅಂಗೈ ಏನಾಗುತ್ತದೆ? ಒಳಗಿನ ಪ್ಲೇಟ್‌ಗಳ ಗತಿಯೂ ಅದೇ. ಕೋಟೇಶ್ವರದ ಸುತ್ತಮುತ್ತಲ ಸಮತಟ್ಟು ರಸ್ತೆಯಲ್ಲಿ ನಿಮಗೆ ಇದು ಗೊತ್ತೇ ಆಗದಿರಬಹುದು. ನಾಲ್ಕು ಜನ ಕೂತು ಬಾಳೆಬರೆ ಘಾಟಿ ಹತ್ತುವಾಗ ಗೊತ್ತಾಗುತ್ತದೆ, ಆದರೆ ಅಷ್ಟರಲ್ಲಿ ತಡವಾಗಿರುತ್ತದೆ.

ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1982ರ ಮಾದರಿಗಳಿಂದ ತಂದ 700ಆರ್4 ಗೇರ್‌ಬಾಕ್ಸ್ ಇದಕ್ಕೆ ಹೆಸರಾದ ಉದಾಹರಣೆ. ಬೇರೆ ಕಾರ್ಬೊರೇಟರ್ ಹಾಕಿ ಕೇಬಲ್ ಸರಿಹೊಂದಿಸದೆ ಅದನ್ನು ಸುಟ್ಟುಕೊಂಡವರು ಅನೇಕರು. ಕೇಬಲ್ ಸಿಕ್ಕಿಸಿದರಷ್ಟೇ ಸಾಲದು ಎಂಬುದು ಅಲ್ಲಿನ ಪಾಠ. ಹೊಸ ಲಿವರ್‌ನಲ್ಲಿ ಕೇಬಲ್ ಸಿಕ್ಕಿಸುವ ಜಾಗ ಹಳೆಯದಕ್ಕಿಂತ ನಡುವಿನ ಅಚ್ಚಿಗೆ ಹತ್ತಿರವಿದ್ದರೆ, ಅದೇ ಒತ್ತಿಗೆ ಕೇಬಲ್ ಕಡಿಮೆ ಎಳೆಯಲ್ಪಡುತ್ತದೆ. ಅದಕ್ಕೇ ಅಲ್ಲಿ ಹಾಲಿ, ಎಡೆಲ್‌ಬ್ರಾಕ್‌ನಂಥ ಕಾರ್ಬೊರೇಟರ್‌ಗಳಿಗೆ ಈ ಅಳತೆ ಸರಿಪಡಿಸುವ ಬ್ರಾಕೆಟ್‌ಗಳನ್ನು ಬೇರೆಯಾಗಿ ಮಾರುತ್ತಾರೆ.

ನಿಂತಲ್ಲಿ ಆಫ್ ಆಗುವುದು

ಕೊಡಿ ಹಬ್ಬದ ದಿನ ಕೋಟೇಶ್ವರ ಪೇಟೆಯ ಜನಜಂಗುಳಿಯಲ್ಲಿ, ಎಸಿ ಹಾಕಿಕೊಂಡು ಡಿ ಗೇರ್‌ನಲ್ಲಿ ಇಂಚಿಂಚು ಸರಿಯುವುದನ್ನು ನೆನೆಯಿರಿ. ಆಗ ಎಂಜಿನ್ ಮೇಲೆ ಗೇರ್‌ಬಾಕ್ಸ್ ಮತ್ತು ಎಸಿ ಎರಡರ ಭಾರವೂ ಬೀಳುತ್ತದೆ. ಈ ಹೊತ್ತಿಗೆಂದೇ ಅನೇಕ ಆಟೋಮ್ಯಾಟಿಕ್ ಕಾರುಗಳ ಮೂಲ ಕಾರ್ಬೊರೇಟರ್‌ನಲ್ಲಿ ಐಡ್ಲಿಂಗ್ ಏರಿಸುವ ಸಣ್ಣ ವ್ಯವಸ್ಥೆ ಇರುತ್ತದೆ. ಎಕ್ಸಲರೇಟರ್ ಬಿಟ್ಟಾಗ ಥ್ರಾಟಲ್ ನಿಧಾನವಾಗಿ ಮುಚ್ಚುವಂತೆ ಮಾಡುವ ಡ್ಯಾಶ್‌ಪಾಟ್ ಕೂಡ ಇರಬಹುದು. "ಯಾವ ಕಾರಿಗಾದರೂ ಕೂರುವ" ಕಾರ್ಬೊರೇಟರ್‌ನಲ್ಲಿ ಇವೆರಡೂ ಇಲ್ಲದಿರುವ ಸಂಭವವೇ ಹೆಚ್ಚು.

ಆಫ್ ಆಗುತ್ತದೆಂದು ಐಡ್ಲಿಂಗ್ ಸ್ಕ್ರೂ ತಿರುಗಿಸಿ ಏರಿಸಿಬಿಟ್ಟರೆ ಇನ್ನೊಂದು ತೊಂದರೆ: ಡಿ ಗೇರ್‌ಗೆ ಹಾಕಿದ ಕೂಡಲೇ ಕಾರು ಮುಂದಕ್ಕೆ ಜಿಗಿಯುತ್ತದೆ. ಜನರ ನಡುವೆ ಇದು ಅಪಾಯ.

ಈಗಿನ ಪೆಟ್ರೋಲ್ ಕಾರಣವಿರಬಹುದೇ?

ಇರಬಹುದು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, 1 ಗ್ರಾಂಗೆ ಸುಮಾರು 9 ಗ್ರಾಂ. ಇಂಜೆಕ್ಷನ್ ಕಾರಿನ ಸೆನ್ಸರ್ ಇದನ್ನು ಅರಿತು ಇಂಧನದ ಅಳತೆ ಬದಲಿಸುತ್ತದೆ. ಹಳೆಯ ಕಾರ್ಬೊರೇಟರ್‌ನ ಜೆಟ್‌ಗೆ ಅದು ತಿಳಿಯದು, ಹಾಗಾಗಿ ಎಂಜಿನ್‌ಗೆ ಇಂಧನ ಸ್ವಲ್ಪ ಕಡಿಮೆ ಬೀಳುತ್ತದೆ. ಎಥನಾಲ್‌ನಲ್ಲಿ ಶಕ್ತಿಯೂ ಕಡಿಮೆ. ಶಕ್ತಿಯ ಲೆಕ್ಕದಲ್ಲಿ 100 ಕಿ.ಮೀ. ಓಡುತ್ತಿದ್ದಲ್ಲಿ 6–7 ಕಿ.ಮೀ. ಕಡಿಮೆಯಾಗುವುದು ಸಹಜ. ಹಳೆಯ ರಬ್ಬರ್ ಪೈಪ್, ಡಯಾಫ್ರಾಮ್‌ಗಳನ್ನು ಅದು ಮೆತ್ತಗೆ ಮಾಡಬಲ್ಲದು. ಕರಾವಳಿಯ ತೇವದ ಗಾಳಿಯಲ್ಲಿ ಕಾರು ತಿಂಗಳುಗಟ್ಟಲೆ ನಿಂತರೆ ನೀರನ್ನೂ ಹೀರಿಕೊಳ್ಳುತ್ತದೆ. ಮಳೆಗಾಲ ಪೂರ್ತಿ ನಿಂತ ಕಾರು ಹಬ್ಬಕ್ಕೆ ಸ್ಟಾರ್ಟ್ ಆಗದಿರಲು ಇದೂ ಒಂದು ಕಾರಣ.

ಹಾಗಾದರೆ ಏನು ಮಾಡಬೇಕು?

ಮೊದಲು ಇದ್ದದ್ದನ್ನೇ ನೋಡಿಸಿ. ಕಾರ್ಬೊರೇಟರ್ ಬಿಚ್ಚಿ ತೊಳೆದು, ಕಿಟ್ ಹಾಕಿ, ಪೆಟ್ರೋಲ್ ಮತ್ತು ವ್ಯಾಕ್ಯೂಮ್ ಪೈಪ್‌ಗಳನ್ನು ಹೊಸದು ಮಾಡಿಸಿ. ಏರ್ ಫಿಲ್ಟರ್, ಪ್ಲಗ್, ಟೈಮಿಂಗ್, ಬ್ರೇಕ್ ಹಿಡಿದುಕೊಂಡಿದೆಯೇ, ಟೈರ್‌ನಲ್ಲಿ ಗಾಳಿ ಇದೆಯೇ ನೋಡಿ. ಮೈಲೇಜ್ ಕಳ್ಳ ಬಹಳ ಸಲ ಇಲ್ಲೇ ಸಿಗುತ್ತಾನೆ.

ಮೂಲ ಕಾರ್ಬೊರೇಟರ್ ಸರಿಪಡಿಸಲಾಗದಷ್ಟು ಸವೆದಿದ್ದರೆ ಅದೇ ಎಂಜಿನ್‌ನ, ಅದೇ ಆಟೋಮ್ಯಾಟಿಕ್ ಮಾದರಿಯದ್ದನ್ನು ಹುಡುಕಿ. ಅದೂ ಸಿಗದೆ ಬೇರೆಯದನ್ನು ಹಾಕಿಸಲೇಬೇಕಾದರೆ, ಗ್ಯಾರೇಜ್‌ನಿಂದ ಹೊರಡುವ ಮುನ್ನ ಇಷ್ಟನ್ನು ನೋಡಿಕೊಳ್ಳಿ:

• ಎಂಜಿನ್ ಆಫ್ ಇರುವಾಗ ಒಬ್ಬರು ಎಕ್ಸಲರೇಟರ್ ಪೂರ್ತಿ ಒತ್ತಲಿ, ಇನ್ನೊಬ್ಬರು ಬಾನೆಟ್ ಕೆಳಗೆ ನೋಡಲಿ. ಥ್ರಾಟಲ್ ಪೂರ್ತಿ ತೆರೆದಾಗ ಗೇರ್‌ಬಾಕ್ಸ್ ಕೇಬಲ್ ಕೂಡ ಮ್ಯಾನ್ಯುಯಲ್ ಹೇಳಿದಷ್ಟು ಎಳೆಯಲ್ಪಟ್ಟಿರಬೇಕು.

• ಹತ್ತು ಸಲ ಒತ್ತಿ ಬಿಡಿ. ಪ್ರತಿ ಸಲವೂ ಥ್ರಾಟಲ್ ತಾನಾಗಿ ಟಕ್ ಎಂದು ಮುಚ್ಚಬೇಕು. ಏರ್ ಫಿಲ್ಟರ್ ಕೂರಿಸಿದ ಮೇಲೆ ಮತ್ತೊಮ್ಮೆ ಇದನ್ನೇ ಮಾಡಿ.

• ಎಂಜಿನ್ ಬಿಸಿಯಾದ ಮೇಲೆ ಪೆಟ್ರೋಲ್ ವಾಸನೆ, ಒಸರು ಇದೆಯೇ ನೋಡಿ. ಬಿಸಿ ಸೈಲೆನ್ಸರ್ ಪೈಪ್ ಮೇಲೆ ಪೆಟ್ರೋಲ್ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು.

• ಡಿ ಗೇರ್‌ನಲ್ಲಿ, ಬ್ರೇಕ್ ಒತ್ತಿಕೊಂಡು, ಎಸಿ ಹಾಕಿ ಐಡ್ಲಿಂಗ್ ನೋಡಿ.

• ಎಮಿಷನ್ ಟೆಸ್ಟ್ ಮಾಡಿಸಿ. ಭಾರತ್ ಸ್ಟೇಜ್ 2ಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ 3 ಪ್ರತಿಶತ.

ಓಡಿಸುವಾಗ ಎಂಜಿನ್ ಸದ್ದು ಏರಿದರೂ ಕಾರು ಮುಂದಕ್ಕೆ ಹೋಗದಿದ್ದರೆ, ಅಥವಾ ಗೇರ್‌ಬಾಕ್ಸ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. "ಮನೆಗೊಂದು ಮುಟ್ಟಲಿ" ಎಂದು ಓಡಿಸಬೇಡಿ, ಟೋ ಮಾಡಿಸಿ. ಹೆದ್ದಾರಿ 66ರಲ್ಲಿ ಎಕ್ಸಲರೇಟರ್ ಸಿಕ್ಕಿಹಾಕಿಕೊಂಡರೆ ಗಾಬರಿಯಾಗಬೇಡಿ: ಗೇರನ್ನು ಎನ್‌ಗೆ ತಳ್ಳಿ, ಬ್ರೇಕ್ ಬಲವಾಗಿ ಒತ್ತಿ, ಬದಿಗೆ ನಿಲ್ಲಿಸಿದ ಮೇಲೆ ಎಂಜಿನ್ ಆಫ್ ಮಾಡಿ. ಓಡುತ್ತಿರುವಾಗ ಕೀ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗಬಹುದು.

ಕೊನೆಯ ಮಾತು

"ಮೈಲೇಜ್ ಡಬಲ್" ಎಂಬ ಭಾಗ ಸುಳ್ಳು. "ಯಾವ ಕಾರಿಗಾದರೂ ಕೂರುತ್ತದೆ" ಎಂಬುದು ಆಟೋಮ್ಯಾಟಿಕ್ ಕಾರಿನವರಿಗೆ ಅಪಾಯಕಾರಿ ಸುಳ್ಳು. ಕೆಲವು ನೂರು ರೂಪಾಯಿಯ ಪೆಟ್ರೋಲ್ ಉಳಿಸಲು ಹೋಗಿ, ಬಿಡಿಭಾಗ ಸಿಗುವುದೇ ಕಷ್ಟವಾಗಿರುವ ಗೇರ್‌ಬಾಕ್ಸ್ ಕಳೆದುಕೊಳ್ಳಬೇಡಿ. ಕೋಟೇಶ್ವರದ ಓದುಗರಿಗೆ ನಾವು ಹೇಳುವುದು ಇಷ್ಟೇ: ಅಪ್ಪಯ್ಯನ ಕಾರಿಗೆ ಮೊದಲು ಒಂದು ಕಿಟ್, ನಾಲ್ಕು ಹೊಸ ಪೈಪ್ ಹಾಕಿಸಿ ನೋಡಿ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಗೇರ್‌ಬಾಕ್ಸ್ ಕೇಬಲ್ ಎಲ್ಲಿ ಸಿಕ್ಕಿಸುವುದು?"